ದುಡ್ಡು ಬೇಡ, ಸಂಘದ ಪುಸ್ತಕದ ಫೋಟೋ ಕಳಿಸಿ

ಲಂಡನ್

ಅಪ್ಪ, ಅವ್ವ, ಇಬ್ಬರಿಗೂ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಅಜ್ಜಿಯ ಮಂಡಿನೋವು ಹೇಗಿದೆ? ನಾಲೆಗೆ ನೀರು ಬಿಟ್ಟರಾ? ಒಂದು ಸಂಸ್ಥೆಯ ಮೂಲಕ ಕೀನ್ಯಾಕ್ಕೆ ಸೇವೆ ಮಾಡಲು ಹೋಗುತ್ತೇನೆ ಅಂದಾಗ, ಅವತ್ತು ಫೋನಿನಲ್ಲಿ ಅಪ್ಪ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ, ಅದಕ್ಕೇ ಈ ಕಾಗದ. ವಾಟ್ಸಾಪಿನಲ್ಲಿ ಉದ್ದುದ್ದ ಬರೆದರೆ ನೀವು ಓದಲ್ಲ, ಅಲ್ವಾ?

"ಸೇವೆ ಮಾಡೋಕೆ ಹೋಗೋರು ದುಡ್ಡು ಯಾಕಮ್ಮ ಕಟ್ಟಬೇಕು? ಅದೂ ಚಂದಾ ಎತ್ತಿ? ಸೇವೆನೇ ಮಾಡಬೇಕು ಅಂದ್ರೆ ಎಚ್.ಡಿ. ಕೋಟೆ ಕಾಡಲ್ಲಿ ಹಾಡಿಗಳಿಲ್ವಾ?" ಅಂದಿರಿ. ಕಾಲೇಜಿನಲ್ಲಿ ಎನ್ನೆಸ್ಸೆಸ್ ಕ್ಯಾಂಪಿಗೆ ಹೋಗಿ ರಸ್ತೆಗೆ ಮಣ್ಣು ಹೊತ್ತವರು ನೀವು. ನಿಮಗೆ ಹಾಗೆ ಅನ್ನಿಸುವುದು ಸಹಜ.

ನಾನು ಒಟ್ಟು ಮಾಡಬೇಕಾದ್ದು 1,500 ಪೌಂಡ್. ನಮ್ಮ ದುಡ್ಡಿನಲ್ಲಿ ಒಂದೂವರೆ ಲಕ್ಷ ದಾಟುತ್ತದೆ. ನಾನು ಹೋಗದೆ ಆ ದುಡ್ಡನ್ನೇ ಕೀನ್ಯಾಕ್ಕೆ ಕಳಿಸಿದರೆ ಆಗಲ್ವಾ ಅಂತ ಸಂಸ್ಥೆಯವರನ್ನು ನಾನೂ ಕೇಳಿದೆ. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ, ಲೆಕ್ಕ ತೋರಿಸಿದರು. ಊಟ, ವಸತಿ, ಇನ್ಶೂರೆನ್ಸ್, ತರಬೇತಿ ಎಲ್ಲ ಕಳೆದು ದೊಡ್ಡ ಪಾಲು ಹೋಗುವುದು ಅಲ್ಲಿ ಕೆಲಸ ಮಾಡುವ ಇಬ್ಬರ ಸಂಬಳಕ್ಕೆ. ಅವರು ಆ ಊರಿನವರೇ. ನಾನು ವಾಪಸ್ ಬಂದ ಮೇಲೂ ಅಲ್ಲಿನ ಹುಡುಗ ಹುಡುಗಿಯರ ಜೊತೆ ಇರುವವರು ಅವರೇ. ವಿಮಾನದ ಟಿಕೆಟ್ ಮಾತ್ರ ನನ್ನ ಪಾರ್ಟ್‌ಟೈಮ್ ಕೆಲಸದ ದುಡ್ಡಿನಿಂದ ತೆಗೆಯುತ್ತೇನೆ. ನಾನು ವಿಮಾನ ಹತ್ತುವುದಕ್ಕೆ ಇನ್ನೊಬ್ಬರ ಮುಂದೆ ಕೈ ಚಾಚಲು ಮನಸ್ಸು ಒಪ್ಪಲಿಲ್ಲ.

ಇದಕ್ಕೂ ಮೊದಲು ಇನ್ನೊಂದು ಕಡೆಯವರು ಕರೆದಿದ್ದರು. ಅನಾಥಾಲಯದಲ್ಲಿ ಎರಡು ವಾರ ಮಕ್ಕಳ ಜೊತೆ ಆಟ ಆಡುವುದು, ಫೋಟೋ ತೆಗೆಸಿಕೊಳ್ಳುವುದು, ಅಷ್ಟೇ. ಒಪ್ಪಲಿಲ್ಲ. ಇಂಥ ಕಡೆ ಇರುವ ಎಷ್ಟೋ ಮಕ್ಕಳಿಗೆ ಅಪ್ಪನೋ ಅಮ್ಮನೋ ಇರುತ್ತಾರೆ. ಹೊರಗಿನಿಂದ ದುಡ್ಡು ಬರುತ್ತದೆ ಅಂತಲೇ ಮಕ್ಕಳನ್ನು ತಂದು ಇಟ್ಟುಕೊಳ್ಳುವವರಿದ್ದಾರೆ. ಹೊಸ ಅನಾಥಾಲಯಗಳ ನೋಂದಣಿಯನ್ನು ಕೀನ್ಯಾ ಸರ್ಕಾರ 2017ರಲ್ಲೇ ನಿಲ್ಲಿಸಿತು. ಈಗ ನಾನು ಹೋಗುತ್ತಿರುವುದು ಶಾಲೆ ಮುಗಿಸಿ ಕೆಲಸ ಸಿಗದೆ ಕೂತಿರುವ, ನಮ್ಮ ತಮ್ಮನ ವಯಸ್ಸಿನವರ ಹತ್ತಿರ.

ದುಡ್ಡು ಎತ್ತಿದ ಕಥೆ ಕೇಳಿ. ಇಲ್ಲಿ ರಸ್ತೆಯಲ್ಲಿ ಡಬ್ಬ ಹಿಡಿದು ನಿಲ್ಲಬೇಕಾದರೂ ಪರ್ಮಿಷನ್ ಬೇಕು. ಗಣೇಶನ ಹಬ್ಬಕ್ಕೆ ಹಗ್ಗ ಕಟ್ಟಿ ಗಾಡಿ ನಿಲ್ಲಿಸುವ ನಮ್ಮ ಬೀದಿ ಹುಡುಗರು ಇಲ್ಲಿ ಒಂದು ದಿನವೂ ಬಾಳಲ್ಲ. ಅದಕ್ಕೆ ಕಾಲೇಜಿನ ಒಳಗೇ ಮೇಜು ಹಾಕಿ ಮದ್ದೂರು ವಡೆ ಮಾರಿದೆ. ಈಸ್ಟ್ ಹ್ಯಾಮ್‌ನಿಂದ ಕರಿಬೇವು ತಂದೆ. ಅವ್ವ, ನೀನು ಹೇಳಿದ ಹಾಗೇ ಈರುಳ್ಳಿಗೆ ಉಪ್ಪು ಹಾಕಿ ಕಿವುಚಿ, ಅದು ಬಿಟ್ಟ ನೀರಿನಲ್ಲೇ ರವೆ, ಮೈದಾ, ಅಕ್ಕಿಹಿಟ್ಟು ಕಲಸಿದೆ. ಬಿಸಿ ಎಣ್ಣೆಯನ್ನೂ ಮರೆಯಲಿಲ್ಲ. ಚೆನ್ನಾಗಿ ಗರಿಗರಿ ಬಂತು. ಅಲರ್ಜಿ ಆಗುವ 14 ಪದಾರ್ಥಗಳ ಪಟ್ಟಿ ಇಲ್ಲಿದೆ, ಅದರಲ್ಲಿ ಗೋಧಿಯೂ ಒಂದು. ಮೈದಾ, ರವೆ ಎರಡೂ ಗೋಧಿಯದೇ ಅಂತ ಚೀಟಿ ಬರೆದು ಅಂಟಿಸಿದೆ. ಒಬ್ಬ ಹುಡುಗ ಬಿಸ್ಕತ್ತು ಅಂದುಕೊಂಡು ಟೀಗೆ ಅದ್ದಿ ತಿಂದ. ಚೆನ್ನಾಗಿದೆ ಅಂತ ಇನ್ನೊಂದು ತೆಗೆದುಕೊಂಡ!

ಆಮೇಲೆ ಗೆಳತಿಯರೆಲ್ಲ ಸೇರಿ ಥೇಮ್ಸ್ ನದಿಯ ದಂಡೆಯಲ್ಲಿ ಗ್ರೀನಿಚ್‌ನಿಂದ ಲ್ಯಾಂಬೆತ್‌ನ ಬಸವಣ್ಣನ ಪುತ್ಥಳಿಯವರೆಗೆ ನಡೆದೆವು. 2015ರಲ್ಲಿ ಮೋದಿ ಬಂದು ಅನಾವರಣ ಮಾಡಿದರಲ್ಲ, ಅದೇ. ನಾವು ನಡೆದರೆ ಗೊತ್ತಿದ್ದವರು ದುಡ್ಡು ಕೊಡುತ್ತಾರೆ. ಅಜ್ಜಿಗೆ ಹೇಳಿದರೆ ನಗುತ್ತಾಳೆ. ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡು ಹೋಗುವವರಿಗೆ ಯಾರು ಏನು ಕೊಟ್ಟಿದ್ದಾರೆ?

ಇನ್ನೂ ಒಂದಿಷ್ಟು ಕಮ್ಮಿ ಇದೆ. ಹಾಗಂತ ಅಪ್ಪ, ನೀವು ಎಫ್.ಡಿ. ಮುರಿಯಬೇಡಿ. ಇಲ್ಲಿ ತೆರಿಗೆ ಕಟ್ಟುವವರು ದಾನ ಕೊಟ್ಟರೆ ಗಿಫ್ಟ್ ಏಡ್ ಅಂತ ಸರ್ಕಾರ ಅದರ ಮೇಲೆ ಕಾಲು ಭಾಗ ಸೇರಿಸುತ್ತದೆ. 10 ಪೌಂಡ್ ಕೊಟ್ಟರೆ ಸಂಸ್ಥೆಗೆ 12.50 ಸಿಗುತ್ತದೆ. ನೀವು ಕಳಿಸಿದ್ದಕ್ಕೆ ಅದು ಸಿಗಲ್ಲ. ಅದೂ ಅಲ್ಲದೆ ಅಪ್ಪನ ದುಡ್ಡಿನಲ್ಲಿ ಹೋದರೆ ನಾನು ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಈಗ ಎರಡು, ಐದು ಪೌಂಡ್ ಕೊಟ್ಟವರ ಹೆಸರನ್ನೂ ಮದುವೆಮನೆಯ ಮುಯ್ಯಿ ಪುಸ್ತಕದ ಹಾಗೆ ಬರೆದಿಟ್ಟಿದ್ದೇನೆ. ಅಲ್ಲಿಂದ ಬಂದ ಮೇಲೆ ಏನು ಮಾಡಿದೆ ಅಂತ ಅವರಿಗೆಲ್ಲ ಹೇಳಲೇಬೇಕು.

ನಾನು ಹೋಗುವ ಊರಿನ ಹೆಸರು ಕಿಸುಮು. ವಿಕ್ಟೋರಿಯಾ ಸರೋವರದ ದಡದಲ್ಲಿದೆ. 1901ರ ಹೊತ್ತಿಗೆ ಮೊಂಬಾಸಾದಿಂದ ಅಲ್ಲಿವರೆಗೆ ರೈಲು ಹಳಿ ಹಾಕಿದವರಲ್ಲಿ ನಮ್ಮ ದೇಶದ ಕೂಲಿಗಳೇ ಜಾಸ್ತಿ. ಊರಿನಾಚೆ ಮುಹೊರೋನಿ ಕಡೆ ಹೋದರೆ ಕಬ್ಬಿನ ಗದ್ದೆ, ಸಕ್ಕರೆ ಫ್ಯಾಕ್ಟರಿ. ಮಂಡ್ಯ ಬಿಟ್ಟು ಬಂದರೂ ಕಬ್ಬು ಬಿಡಲ್ಲ ನೋಡಿ. ಊಟಕ್ಕೆ ಉಗಾಲಿ. ಅದು ಮುಸುಕಿನ ಜೋಳದ ಮುದ್ದೆ, ಬೆಳ್ಳಗಿರುತ್ತದೆ, ಜೊತೆಗೆ ಸೊಪ್ಪು, ಮೀನು. ಹೊಟ್ಟೆ ಚಿಂತೆ ಬೇಡ, ಅವ್ವ. ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಬೇಕು. ಆ ಸರ್ಟಿಫಿಕೇಟ್ ಇಲ್ಲದೆ ಕೀನ್ಯಾದಿಂದ ನೇರ ಬೆಂಗಳೂರಿಗೆ ಬಂದರೆ ಏರ್‌ಪೋರ್ಟಿನಲ್ಲೇ ಹಿಡಿದು ಕೂರಿಸುತ್ತಾರೆ. ಮದುವೆ ಮಾತು ನಾನು ಬಂದ ಮೇಲೆ ಆಡೋಣ, ಈಗ ಸುಮ್ನೆ ಜಾತಕ ಹಂಚಬೇಡಿ.

ಅವ್ವ, ನಿನ್ನಿಂದ ಒಂದು ಕೆಲಸ ಆಗಬೇಕು. ಅಲ್ಲಿನವರು ಚಾಮಾ ಅಂತ ಗುಂಪು ಕಟ್ಟಿಕೊಂಡು ತಿಂಗಳು ತಿಂಗಳು ದುಡ್ಡು ಹಾಕುತ್ತಾರೆ, ಒಬ್ಬೊಬ್ಬರಾಗಿ ಎತ್ತಿಕೊಳ್ಳುತ್ತಾರೆ, ಸಾಲವನ್ನೂ ಕೊಡುತ್ತಾರೆ. ನಾನು ಹೋಗುವ ಕಡೆಯ ಕ್ಲಬ್ಬಿನ ಹುಡುಗರೂ ಒಂದು ಚಾಮಾ ಶುರು ಮಾಡಿದ್ದಾರೆ. ದುಡ್ಡೆಲ್ಲ ಮೊಬೈಲಿನಲ್ಲೇ ಎಂ-ಪೆಸಾದಿಂದ ಓಡಾಡುತ್ತದೆ, ಆದರೆ ಪುಸ್ತಕ ಬರೆಯುವವರಿಲ್ಲ. ಯಾರು ಎಷ್ಟು ಕಟ್ಟಬೇಕು ಅಂತ ಆಗಲೇ ಜಗಳ ಶುರುವಾಗಿದೆಯಂತೆ. ನಾನು ಓದಿದ ಎಂ.ಎ. ಇದಕ್ಕೆ ಬರಲ್ಲ. ನಿಮ್ಮ ಸ್ತ್ರೀಶಕ್ತಿ ಸಂಘದ ಪುಸ್ತಕ ಬರುತ್ತದೆ. ಉಳಿತಾಯ, ಸಾಲ, ಬಡ್ಡಿ, ತಡವಾಗಿ ಬಂದವರ ದಂಡ, ಎಲ್ಲ ಕಾಣುವ ಒಂದೆರಡು ಪುಟದ ಫೋಟೋ ತಮ್ಮನ ಹತ್ತಿರ ತೆಗೆಸಿ ಕಳಿಸು. ಹೆಸರುಗಳ ಮೇಲೆ ಒಂದು ಕಾಗದ ಮುಚ್ಚಿರಲಿ, ಸಂಘದವರು ಬೈದಾರು. ಮೂರು ಕಂತು ತಪ್ಪಿಸಿದವರ ಮನೆಗೆ ಹೋದಾಗ ಏನು ಮಾತಾಡುತ್ತೀರಿ ಅಂತಲೂ ವಾಯ್ಸ್ ಮೆಸೇಜ್ ಮಾಡು. ಬೈಗುಳ ಬಿಟ್ಟು ಮಿಕ್ಕಿದ್ದನ್ನು ಇಂಗ್ಲಿಷಿಗೆ ಮಾಡಿಕೊಳ್ಳುತ್ತೇನೆ.

ನಿಮ್ಮ ಮಗಳು,
ಪವಿ