ದೇಣಿಗೆ ಹೆಸರಲ್ಲಿ ಸಾಯೋ ಗಿಡ ಮಾರಬೇಡಿ

ಮಾನ್ಯ ಸಂಪಾದಕರೇ,

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಮಳೆ ಹಿಡಿಯೋ ಹೊತ್ತಿಗೆ ಮಹಿಳಾ ಸಂಘದವರೋ ಗಾರ್ಡನ್ ಕ್ಲಬ್ಬಿನವರೋ ಗಿಡ ಮಾರಾಟ ಇಟ್ಕೊಳ್ತಾರೆ, ಬಂದ ದುಡ್ಡು ಊರ ಶಾಲೆಗೋ ಯಾರದೋ ಆಸ್ಪತ್ರೆ ಖರ್ಚಿಗೋ ಹೋಗ್ತದೆ, ಒಳ್ಳೆ ಕೆಲಸವೇ, ನಾನೂ ಅಂಥದ್ದೊಂದು ಗುಂಪಿನಲ್ಲಿದ್ದೇನೆ. ಆದ್ರೆ ಧರ್ಮಕ್ಕೆ ಮಾರೋ ಗಿಡ ಹೆಂಗಿದ್ರೂ ನಡೀತದೆ ಅನ್ನೋದನ್ನ ಮಾತ್ರ ಬಿಡಬೇಕು. ಮಾರಾಟಕ್ಕೆ ಎರಡು ದಿನ ಇರೋವಾಗ ವಾಟ್ಸಾಪಿನಲ್ಲಿ ಎಲ್ಲರೂ ಹತ್ತತ್ತು ಗಿಡ ತನ್ನಿ ಅಂತ ಮೆಸೇಜ್ ಬಂದ್ರೆ ಅಂಗಳದ ಅಂಚಲ್ಲಿದ್ದದ್ದನ್ನ ಕಿತ್ತು ಹಾಲಿನ ಕೊಟ್ಟೆಗೆ (ಪ್ಲಾಸ್ಟಿಕ್ ಚೀಲಕ್ಕೆ) ತುರುಕಿ ತರೋದು ಬಿಟ್ಟು ಬೇರೆ ದಾರಿ ಏನಿದೆ? ತಗೊಂಡವರು ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟೋದ್ರೊಳಗೆ ಅದು ಬಾಡಿ ಬಿದ್ದಿರ್ತದೆ.

ದಾಸವಾಳ, ಕ್ರೋಟನ್ ಥರದ್ದರ ಟೊಂಗೆಯನ್ನ ಎರಡು ತಿಂಗಳು ಮುಂಚೆನೇ ಕೊಟ್ಟೆಗೆ ಹಾಕಿ ನೆರಳಲ್ಲಿಡಬೇಕು. ಚಿಗುರು ಕಂಡ ಕೂಡ್ಲೆ ಗಿಡ ಹಿಡೀತು ಅಂತ ಲೆಕ್ಕ ಹಾಕ್ಬೇಡಿ, ಟೊಂಗೆ ತನ್ನಲ್ಲಿರೋ ಸತ್ವದಲ್ಲೇ ಬೇರಿಲ್ದೆ ನಾಲ್ಕು ಎಲೆ ಬಿಡ್ತದೆ. ಕೊಟ್ಟೆ ತಳದ ತೂತಲ್ಲಿ ಬಿಳಿ ಬೇರು ಇಣುಕಿದ್ರೆ ಅದು ಮಾರೋ ಗಿಡ.

ಡೇರೆ ಹೂವಿನದ್ದಂತೂ (ಡೇಲಿಯಾ) ದೊಡ್ಡ ಕತೆ. ನಮ್ಮ ಕಡೆ ಡೇರೆ ಹುಚ್ಚು ಗೊತ್ತಲ್ಲ, ಹೊಸ ಬಣ್ಣ ಅಂದ್ರೆ ಜನ ಮುಗಿಬೀಳ್ತಾರೆ, ಅದಕ್ಕೇ ಗಡ್ಡೆ ದಪ್ಪ ಇದ್ರೆ ಸಾಕು ಅಂತ ಮುರಿದು ಮುರಿದು ಮಾರ್ತಾರೆ. ಬಟಾಟೆ ಹಂಗೆ ಇದ್ರ ಮೈಯೆಲ್ಲ ಕಣ್ಣಿರೋದಿಲ್ಲ ಮಾರಾಯ್ರೇ, ಹಳೇ ಕಾಂಡಕ್ಕೆ ಗಡ್ಡೆ ಅಂಟಿಕೊಂಡ ಕುತ್ತಿಗೆ ಹತ್ರ ಮಾತ್ರ ಇರ್ತದೆ, ಕುತ್ತಿಗೆ ಮುರಿದ ಗಡ್ಡೆ ಎಷ್ಟು ದಪ್ಪ ಇದ್ರೂ ಕೊಳೀತದೆ ಹೊರತು ಚಿಗುರೋದಿಲ್ಲ. ಕಣ್ಣು ಉಬ್ಬೋವರೆಗೆ ಕಾದು, ಕಾಂಡದ ಒಂದು ಚೂರು ಸೇರಿಸಿ ಚೂಪಾದ ಕತ್ತೀಲಿ ಸೀಳಿ, ಕೊಯ್ದಲ್ಲಿ ಬೂದಿ ಹಚ್ಚಿ ಒಣಗಿಸಿ, ಕೊಟ್ಟೆಯಲ್ಲಿ ನಾಲ್ಕೆಲೆ ಬಂದ್ಮೇಲೆ ತನ್ನಿ. ಬಣ್ಣದ ಚೀಟಿ ಹಿಂದಿನ ವರ್ಷ ಹೂ ಇರೋವಾಗಲೇ ಕಟ್ಟಿಡಬೇಕು, ಒಣ ಗಡ್ಡೆ ನೋಡಿ ಬಣ್ಣ ಹೇಳೋರು ಇನ್ನೂ ಹುಟ್ಟಿಲ್ಲ.

ಮುರುಗಲು (ಕೋಕಂ) ಮತ್ತೆ ಜಾಯಿಕಾಯಿಗೆ ಗಂಡು ಮರ ಬೇರೆ ಹೆಣ್ಣು ಮರ ಬೇರೆ, ಬೀಜದಿಂದ ಎಬ್ಬಿಸಿದ ಸಸಿಯಲ್ಲಿ ಹೆಚ್ಚುಕಮ್ಮಿ ಅರ್ಧ ಗಂಡೇ, ಅದೂ ಹೂ ಬಿಡೋ ತನಕ ಅಂದ್ರೆ ಆರೇಳು ವರ್ಷ ಗೊತ್ತೇ ಆಗೋದಿಲ್ಲ. ಇಂಥದ್ದೇ ಒಂದು ಮಾರಾಟದಲ್ಲಿ ತಂದ ಜಾಯಿಕಾಯಿ ಮರ ನಮ್ಮ ಹಿತ್ತಲಲ್ಲಿದೆ, ನೆರಳು ಚೆನ್ನಾಗಿ ಕೊಡ್ತದೆ, ಕಾಯಿ ಸುದ್ದಿ ಕೇಳಬೇಡಿ. ಹೆಣ್ಣು ಮರದ ಕಸಿ ಗಿಡವೋ ಬೀಜದ ಸಸಿಯೋ ಅಂತ ಚೀಟಿಯಲ್ಲಿ ಬರೆದ್ರೆ ಯಾರ ಗಂಟೂ ಹೋಗೋದಿಲ್ಲ. ಕಾಳುಮೆಣಸೂ ಅಷ್ಟೇ, ಕಾಯಿ ಬಿಡೋ ಅಡ್ಡ ಟೊಂಗೆಯಿಂದ ಮಾಡಿದ್ದು ಕುಂಡದಲ್ಲಿ ಪೊದೆಯಾಗಿ ಇರ್ತದೆ, ಮರ ಹತ್ತೋದಿಲ್ಲ, ಅದನ್ನ ಬಳ್ಳಿ ಅಂತ ತೋಟದವರಿಗೆ ಕೊಟ್ರೆ ಬೈಸಿಕೊಳ್ಳೋದು ಸಂಘವೇ.

ನನಗೆ ಎಲ್ಲಕ್ಕಿಂತ ಹೆದರಿಕೆ ಮಣ್ಣಿನದ್ದು. ಸೊರಗು ರೋಗ ಬಂದು ಮೆಣಸಿನ ಬಳ್ಳಿ ಸತ್ತ ತೋಟದ ಮಣ್ಣನ್ನೇ ಕೊಟ್ಟೆಗೆ ತುಂಬಿದ್ರೆ 50 ರೂಪಾಯಿ ಗಿಡದ ಜೊತೆ ರೋಗವನ್ನ ಫ್ರೀಯಾಗಿ ಕೊಟ್ಟ ಹಾಗೆ, ಆ ರೋಗ ತರೋ ಫೈಟಾಫ್ಥೊರಾ ಅನ್ನೋ ರೋಗಾಣು ಮಣ್ಣಲ್ಲಿ, ನೀರಲ್ಲಿ ಹರಡ್ತದೆ. ಆಫ್ರಿಕನ್ ಬಸವನಹುಳದ ಮೊಟ್ಟೆಯೂ ಹಿಂಗೇ ಕುಂಡದ ಮಣ್ಣಲ್ಲಿ ಊರಿಂದೂರಿಗೆ ಹೋಗ್ತದೆ. ಬೇಸಿಗೆ ಬಿಸಿಲು ಪುಕ್ಕಟೆ ಸಿಗ್ತದಲ್ಲ, ಅದರ ಕಾವಿಗೆ ರೋಗಾಣು ಸಾಯೋ ಹಾಗೆ ಮಣ್ಣು ಒದ್ದೆ ಮಾಡಿ ತೆಳ್ಳಗೆ ಹರಡಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಸಿ ಅಂಚಿಗೆ ಮಣ್ಣು ಒತ್ತಿ ನಾಲ್ಕೈದು ವಾರ ಬಿಡಿ, ಆಮೇಲೆ ಕಳಿತ ಗೊಬ್ಬರದಲ್ಲಿ ಟ್ರೈಕೋಡರ್ಮಾ (ರೋಗ ತಡೆಯೋ ಒಳ್ಳೆ ಶಿಲೀಂಧ್ರ) ಕಲಸಿ ಸೇರಿಸಿ. ಹಸಿ ಸಗಣಿ ಬೇಡ.

ಇನ್ನು ಕಾಡಿಂದ ಸೀತಾಳೆ ದಂಡೆ (ಮರದ ಮೇಲೆ ಬೆಳೆಯೋ ಕಾಡು ಆರ್ಕಿಡ್) ಕಿತ್ತು ತಂದು ಟೇಬಲ್ ಮೇಲಿಡೋರು ದಯವಿಟ್ಟು ಬರಲೇಬೇಡಿ. ಕೆರೆ ಮುಚ್ಚೋ ವಾಟರ್ ಹಯಾಸಿಂತ್ ಅನ್ನು ಚಂದದ ನೇರಳೆ ಹೂ ಅಂತ ತರೋರಿಗೂ ಇದೇ ಮಾತು.

ಸಂಪಾದಕರಲ್ಲಿ ಒಂದು ಕೋರಿಕೆ. ಮಾರಾಟ ಮುಗಿದ ಮರುದಿನ ರಿಬ್ಬನ್ ಕತ್ತರಿಸೋ ಫೋಟೋ ನಿಮ್ಮ ಪುಟದಲ್ಲಿ ಬರ್ತದೆ, ಅದು ಬರಲಿ, ಅದ್ರ ಜೊತೆ ಫೆಬ್ರುವರಿ, ಮಾರ್ಚಿನಲ್ಲೇ ಯಾವ ಸಂಘ ಯಾವಾಗ ಮಾರಾಟ ಇಟ್ಟಿದೆ, ಯಾವ ಗಿಡ ಬೇಕಾಗಿದೆ ಅಂತ ನಾಲ್ಕು ಸಾಲು ಹಾಕಿದ್ರೆ ಹಳ್ಳಿ ಕಡೆಯವರಿಗೂ ಟೊಂಗೆ ನೆಡೋಕೆ ಟೈಮ್ ಸಿಗ್ತದೆ.

— ಒಬ್ಬ ಓದುಗರು, ಶಿರಸಿ