ಬಿಸಿ ಜಾಸ್ತಿ, ಉಪ್ಪು ಜಾಸ್ತಿ ಇರೋ ಫೀಲ್ಡ್‌ಗಳಿಗೆ ಹಳೇ ಪಾಲಿಮರ್ ಇನ್ಮೇಲೆ ಕಳಿಸಲ್ಲ

ಎಲ್ಲರಿಗೂ ನಮಸ್ಕಾರ,

ನೇರ ವಿಷಯಕ್ಕೆ ಬರ್ತೀವಿ. ಎಣ್ಣೆ ತಳ್ಳೋಕೆ ಬಾವಿಗೆ ಬಿಡೋ ನೀರನ್ನ ಗಟ್ಟಿ ಮಾಡೋ ಪಾಲಿಮರ್ ಬಗ್ಗೆ ಇದು. ನಿಮ್ಮ ಎಣ್ಣೆ ಪದರದ ಬಿಸಿ 70 ಡಿಗ್ರಿ ಸೆಲ್ಸಿಯಸ್ ದಾಟಿದ್ದು, ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಕೂಡ ಜಾಸ್ತಿ ಇದ್ರೆ, ಮುಂದಿನ ಆರ್ಡರ್‌ನಿಂದ ನಮ್ಮ ಮಾಮೂಲಿ ಎಚ್‌ಪ್ಯಾಮ್ (ಹೈಡ್ರೊಲೈಸ್ಡ್ ಪಾಲಿಅಕ್ರಿಲಮೈಡ್) ಪೌಡರ್ ನೀವು ಕೇಳಿದ್ರೂ ಕೊಡಲ್ಲ. ಅದರ ಬದಲು ಎಟಿಬಿಎಸ್ ಅನ್ನೋ, ಬಿಸಿ ಮತ್ತು ಕ್ಯಾಲ್ಸಿಯಂ ತಡ್ಕೊಳ್ಳೋ ಘಟಕ ಸೇರಿಸಿದ ಗ್ರೇಡ್ ಬರುತ್ತೆ. ಕೆಜಿ ರೇಟ್ ಜಾಸ್ತಿನೇ, ಮುಚ್ಚಿಡೋದೇನಿಲ್ಲ. ತಣ್ಣಗಿರೋ, ಮೆದು ನೀರಿನ (ಕ್ಯಾಲ್ಸಿಯಂ, ಮೆಗ್ನೀಷಿಯಂ ಕಮ್ಮಿ ಇರೋ) ಫೀಲ್ಡ್‌ನೋರು ಮಾತ್ರ ಹಳೇದನ್ನೇ ತಗೊಳ್ಳಿ, ಸುಮ್ನೆ ದುಡ್ಡು ಸುರೀಬೇಡಿ.

ತಪ್ಪು ನಮ್ಮದೂ ಇದೆ. ಇಷ್ಟು ದಿನ ನೀವು ಕಳಿಸಿದ ನೀರಲ್ಲಿ ಪೌಡರ್ ಕಲಸಿ ಅವತ್ತೇ ವಿಸ್ಕಾಸಿಟಿ (ದ್ರಾವಣ ಎಷ್ಟು ಗಟ್ಟಿ ಅನ್ನೋದು) ನೋಡಿ ರಿಪೋರ್ಟ್ ಕೊಟ್ಬಿಡ್ತಿದ್ವಿ, ನಂಬರ್ ಚೆನ್ನಾಗೇ ಇರ್ತಿತ್ತು, ಆದ್ರೆ ಆ ದ್ರಾವಣ ಒಂದು ಬಾವಿಯಿಂದ ಇನ್ನೊಂದರ ತನಕ ಕಲ್ಲಿನ ಸಂದಿಯಲ್ಲಿ ಎಣ್ಣೆ ತಳ್ಕೊಂಡು ಹೋಗೋಕೆ ತಿಂಗಳುಗಟ್ಟಲೆ, ಕೆಲವು ಕಡೆ ವರ್ಷಗಟ್ಟಲೆ ಬೇಕು, ಅಷ್ಟೂ ದಿನ ಅದು ಗಟ್ಟಿಯಾಗೇ ಇರ್ಬೇಕಲ್ವಾ?

ಒಬ್ಬ ಗ್ರಾಹಕರ ನೀರಲ್ಲಿ ಹಳೇ ಪೌಡರ್ ಕಲಸಿ ಗಾಜಿನ ಟ್ಯೂಬಲ್ಲಿ ಸೀಲ್ ಮಾಡಿ 85 ಡಿಗ್ರಿ ಓವನ್‌ನಲ್ಲಿ 30 ದಿನ ಇಟ್ವಿ. ಹಾಕಿದ ದಿನ ಟ್ಯೂಬ್ ವಾಲಿಸಿದ್ರೆ ನಿಧಾನಕ್ಕೆ ಜಾರ್ತಿದ್ದ ದ್ರಾವಣ, ತೆಗೆದಾಗ ಮೇಲೆಲ್ಲ ಬರೀ ನೀರು, ತಳದಲ್ಲಿ ಹತ್ತಿ ಎಳೆ ಥರ ಬಿಳೀ ಚೂರುಗಳು. ಬಾವಿ ಬುಡದಲ್ಲಿ ಇದೇ ಆದ್ರೆ ಎಣ್ಣೆ ಬರೋದಿರಲಿ, ಕಲ್ಲಿನ ರಂಧ್ರನೇ ಕಟ್ಕೊಳ್ಳುತ್ತೆ.

ಆಗಿದ್ದಿಷ್ಟೇ. ಬಿಸಿಗೆ ಎಚ್‌ಪ್ಯಾಮ್‌ನ ಅಮೈಡ್ ಗುಂಪುಗಳು ಒಂದೊಂದಾಗಿ ಕಾರ್ಬಾಕ್ಸಿಲೇಟ್ ಆಗ್ತಾ ಹೋಗ್ತವೆ. ಮೆದು ನೀರಲ್ಲಿ ಇದರಿಂದ ತೊಂದ್ರೆ ಇಲ್ಲ, ಚಾರ್ಜ್ ಜಾಸ್ತಿಯಾಗಿ ಪಾಲಿಮರ್‌ನ ಉದ್ದ ಅಣು, ಅಂದ್ರೆ ಸರಪಳಿ, ಇನ್ನೂ ಚಾಚ್ಕೊಳ್ಳುತ್ತೆ. ಸಾದಾ ಉಪ್ಪಿನ ಸೋಡಿಯಂ ಆ ಚಾರ್ಜನ್ನ ಮರೆ ಮಾಡಿ ಸರಪಳಿಯನ್ನ ಮುದುರಿಸುತ್ತೆ, ವಿಸ್ಕಾಸಿಟಿ ಇಳಿಯುತ್ತೆ ಅಷ್ಟೇ. ಕ್ಯಾಲ್ಸಿಯಂ ಹಾಗಲ್ಲ, ಕಾರ್ಬಾಕ್ಸಿಲೇಟ್‌ಗಳನ್ನ ಗಟ್ಟಿ ಹಿಡ್ಕೊಂಡು ಪಾಲಿಮರ್‌ನ ನೀರಿಂದ ಆಚೆಗೇ ಎಳೆದು ಹಾಕ್ಬಿಡುತ್ತೆ. ಎಟಿಬಿಎಸ್‌ನಲ್ಲಿರೋ ಸಲ್ಫೊನೇಟ್ ಗುಂಪಿಗೆ ಕ್ಯಾಲ್ಸಿಯಂ ಜೊತೆ ಅಷ್ಟು ನಂಟಿಲ್ಲ. 100 ಡಿಗ್ರಿ ದಾಟಿರೋ ಫೀಲ್ಡ್‌ಗೆ ಇದೂ ಸಾಲದು, ವಿನೈಲ್ ಪಿರೊಲಿಡೋನ್ ಸೇರಿಸಿದ್ದು ಬೇಕಾಗಬಹುದು, ಅದು ನಮ್ಮ ಸ್ಟಾಕಲ್ಲಿಲ್ಲ, ಮೊದಲೇ ಮಾತಾಡಿ.

ಹೊಸ ಗ್ರೇಡ್‌ನ ಮಾಲಿಕ್ಯುಲರ್ ವೇಟ್ (ಅಣುವಿನ ತೂಕ) ಹಳೇದಕ್ಕಿಂತ ಕಮ್ಮಿ. ಹಾಗಾಗಿ ಅಷ್ಟೇ ಪಿಪಿಎಂ ಹಾಕಿದ್ರೆ ಮೊದಲ ದಿನ ತೆಳ್ಳಗೇ ಕಾಣುತ್ತೆ, ಮಾಲು ಸರಿಯಿಲ್ಲ ಅಂತ ಫೋನ್ ಮಾಡ್ಬೇಡಿ, ಡೋಸ್ ಸ್ವಲ್ಪ ಏರಿಸ್ಬೇಕಾಗುತ್ತೆ, ಎಷ್ಟು ಅಂತ ರಿಪೋರ್ಟಲ್ಲೇ ಬರೀತೀವಿ. ಬೆರೆಸುವಾಗ ಪೌಡರನ್ನ ಒಂದೇ ಸಲ ಸುರೀಬೇಡಿ, ಹೊರಗೆ ಲೋಳೆ ಒಳಗೆ ಒಣ ಪೌಡರ್ ಇರೋ ಗುಳ್ಳೆ ಆದ್ರೆ ಆಮೇಲೆ ಎಷ್ಟು ತಿರುಗಿಸಿದ್ರೂ ಕರಗಲ್ಲ.

ಇನ್ನೊಂದು, ಆಕ್ಸಿಜನ್. ನಮ್ಮ ಮೊದಲ ಟೆಸ್ಟಲ್ಲಿ ಟ್ಯೂಬ್ ಒಳಗೆ ಗಾಳಿ ಉಳಿದು ಹೊಸದು ಹಳೇದು ಎರಡೂ ನೀರಾಗಿ ಒಂದು ವಾರ ತಲೆ ಕೆಡಿಸ್ಕೊಂಡಿದ್ವಿ. ನೀರಲ್ಲಿ ಕಬ್ಬಿಣ ಇದ್ದು ಗಾಳಿನೂ ಸೇರಿದ್ರೆ ಎಂಥಾ ದುಬಾರಿ ಪಾಲಿಮರ್ ಆದ್ರೂ ಸರಪಳಿ ತುಂಡಾಗುತ್ತೆ, ಅದಕ್ಕೆ ಟ್ಯಾಂಕ್ ಒಳಗೆ ದ್ರಾವಣದ ಮೇಲೆ ನೈಟ್ರೋಜನ್ ತುಂಬಿಡಿ. ಹರಿವು ಕಮ್ಮಿ ಮಾಡೋ ಚೋಕ್ ವಾಲ್ವ್‌ನ ಜಾಸ್ತಿ ಬಿಗಿ ಮಾಡಿದ್ರೂ ಅದೇ ಕಥೆ, ಇಕ್ಕಟ್ಟಲ್ಲಿ ರಭಸಕ್ಕೆ ಸಿಕ್ಕಿ ಸರಪಳಿ ತುಂಡಾಗುತ್ತೆ.

ಸ್ಯಾಂಪಲ್ ನೀರನ್ನ ಕ್ಯಾನಿನ ಬಾಯಿ ತನಕ ತುಂಬಿ, ಗಾಳಿಗೆ ಜಾಗ ಬಿಡದೆ ಕಳಿಸಿ, ಪದರದ ಟೆಂಪರೇಚರ್ ಲೇಬಲ್ ಮೇಲೆ ಬರೀರಿ. ರಿಪೋರ್ಟಲ್ಲಿ ಇನ್ಮೇಲೆ 1ನೇ ದಿನದ್ದು, 30ನೇ ದಿನದ್ದು ಎರಡೂ ನಂಬರ್ ಇರುತ್ತೆ, ಅದಕ್ಕೇ ಐದು ವಾರ ಹಿಡಿಯುತ್ತೆ, ಆರ್ಡರ್ ಅದಕ್ಕೆ ತಕ್ಕ ಹಾಗೆ ಮುಂಚೇನೇ ಹಾಕಿ. ನಿಮ್ಮ ಗೋಡೌನಲ್ಲಿ ಹಳೇ ಗ್ರೇಡ್‌ನ ಬಿಚ್ಚದ ಚೀಲ ಇದ್ರೆ ವಾಪಸ್ ತಗೋತೀವಿ, ತೇವ ಎಳ್ಕೊಂಡು ಗಟ್ಟಿಯಾಗಿರೋದು ಮಾತ್ರ ಆಗಲ್ಲ.