ವಿಶ್ವ ದೃಷ್ಟಿ ದಿನಕ್ಕೆ ನಾವು ಕಂಡದ್ದು

ಎಲ್ಲರಿಗೂ ನಮಸ್ಕಾರ.

ಅಕ್ಟೋಬರ್ ತಿಂಗಳ ಎರಡನೇ ಗುರುವಾರ ವಿಶ್ವ ದೃಷ್ಟಿ ದಿನ. ಅಂದು ಗುಂಪಿನಲ್ಲಿ ಎಂದಿನ ಫಾರ್ವರ್ಡ್ ಮೆಸೇಜ್ ಬೇಡ. ಬದಲಿಗೆ, ಪ್ರತಿಯೊಬ್ಬರೂ ಆ ದಿನ ಕಣ್ಣಾರೆ ಕಂಡ ಒಂದು ಚೆಂದದ ಸಂಗತಿಯನ್ನು ರಾತ್ರಿ 9ರೊಳಗೆ ಹಂಚಿಕೊಳ್ಳಿ.

ದೊಡ್ಡದೇ ಆಗಬೇಕಿಲ್ಲ. ಎಲೆಯ ತುದಿಯಲ್ಲಿ ನಿಂತ ನೀರಿನ ಹನಿಯನ್ನು ಹತ್ತಿರದಿಂದ ನೋಡಿ. ಹಿಂದಿರುವ ಗಿಡ, ಆಕಾಶ ಎಲ್ಲಾ ಅದರೊಳಗೆ ತಲೆಕೆಳಗಾಗಿ ಕಾಣುತ್ತದೆ. ನಮ್ಮ ಕಣ್ಣಿನ ಒಳಪರದೆಯ ಮೇಲೂ ಲೋಕ ತಲೆಕೆಳಗಾಗಿಯೇ ಬೀಳುತ್ತದೆ. ಅದನ್ನು ನೆಟ್ಟಗೆ ಅರ್ಥ ಮಾಡಿಕೊಳ್ಳುವುದು ಮಿದುಳು. ಇದೆಲ್ಲ ನಾವು ಕೇಳದೇ ಸಿಕ್ಕಿದ್ದು, ಅಲ್ವಾ? ದೇವರಿದ್ದಾನೆ ಅಂತ ನನಗೆ ಜಾಸ್ತಿ ಅನ್ನಿಸುವುದು ಇಂಥ ಕಡೆಯಲ್ಲೇ.

ಫೋಟೋ ಒಂದನ್ನೇ ಹಾಕಬೇಡಿ, ಜೊತೆಗೆ ವಾಯ್ಸ್ ಮೆಸೇಜ್ ಕೂಡ ಇರಲಿ. ಕಣ್ಣು ಕಾಣದ ಸದಸ್ಯರೂ ನಮ್ಮಲ್ಲಿದ್ದಾರೆ. ಸುಮ್ನೆ 'ಸೂಪರ್ ಆಗಿತ್ತು' ಅಂದರೆ ಅವರಿಗೇನು ತಿಳಿಯುತ್ತದೆ? ಆಕಾರ ಹೇಗಿತ್ತು, ಬೆಳಕು ಯಾವ ಕಡೆಯಿಂದ ಬಿದ್ದಿತ್ತು, ಏನು ಅಲುಗಾಡುತ್ತಿತ್ತು, ಹೇಳಿ. ಅವರು ಕಿವಿಗೆ, ಕೈಗೆ ಸಿಕ್ಕಿದ ಚೆಲುವನ್ನು ನಮಗೆ ಹೇಳಲಿ. ಅದನ್ನು ಕೇಳಲು ನಾನಂತೂ ಕಾಯುತ್ತಿದ್ದೇನೆ.

ಇನ್ನೊಂದು ವಿನಂತಿ. 40 ದಾಟಿದವರು, ಸಕ್ಕರೆ ಕಾಯಿಲೆ ಇರುವವರು ಕಣ್ಣಿನ ಪರೀಕ್ಷೆ ಮುಂದೂಡಬೇಡಿ. ಕಣ್ಣಿನ ನರವನ್ನು ಹಾಳುಮಾಡುವ ಗ್ಲಾಕೋಮಾ ಕಾಯಿಲೆ ಬಹುಪಾಲು ನೋವಿಲ್ಲದೇ ಶುರುವಾಗುತ್ತದೆ, ಅದರಿಂದ ಹೋದ ದೃಷ್ಟಿ ಮರಳಿ ಬರುವುದಿಲ್ಲ.

ಭಾಗವಹಿಸುವವರು ಬುಧವಾರ ಸಂಜೆಯೊಳಗೆ 'ನಾನಿದ್ದೇನೆ' ಎಂದು ಉತ್ತರಿಸಿ. ವಾಯ್ಸ್ ಮೆಸೇಜ್ ಕಳಿಸಲು ಬಾರದ ಹಿರಿಯರಿಗೆ ಮನೆಯ ಮಕ್ಕಳು ದಯವಿಟ್ಟು ಸಹಾಯ ಮಾಡಿ.